ಎಡತೋಳಿನ ಕೆಂಪು

“ತೋಳಿಗ್ಯಾಕೆ ಪಟ್ಟಿ?” ಎಂದು ಡಾಕ್ಟರ್ ಕುರೋಬೆ ಕೇಳಿದಾಗ ಕಿನುಯೊ ಮೊಮ್ಮಗನ ಅಂಗಿಯ ತೋಳನ್ನು ಇನ್ನಷ್ಟು ಕೆಳಗೆಳೆದಳು.

“ಸೊಳ್ಳೆ ಕಚ್ಚಿದೆ.”

“ಈ ಹಿಮದಲ್ಲಿ ಸೊಳ್ಳೆನಾ, ಅತ್ತೆ?” ಸೊಸೆ ಮಿಹೋ ತಿರುಗಿ ನೋಡಿದಳು.

ಹತ್ತು ತಿಂಗಳ ಟೋಮಾನ ಜ್ವರ ಐದನೆಯ ದಿನವೂ ಇಳಿದಿರಲಿಲ್ಲ. ಕಣ್ಣು ಕೆಂಪಾಗಿತ್ತು, ತುಟಿ ಒಡೆದಿತ್ತು. ಡಾಕ್ಟರಮ್ಮನಿಗೆ ಕವಾಸಾಕಿ ಕಾಯಿಲೆಯ ಅನುಮಾನ. ಆದರೆ ಅದರ ಉಳಿದ ಲಕ್ಷಣಗಳು ಕಾಣುತ್ತಿರಲಿಲ್ಲ: ಮೈಯಲ್ಲಿ ದದ್ದಿಲ್ಲ, ಕತ್ತಿನಲ್ಲಿ ಗಂಟಿಲ್ಲ, ಕೈಕಾಲು ಊದಿಲ್ಲ. ಚಿಕಿತ್ಸೆ ತಡವಾದರೆ ಹೃದಯಕ್ಕೆ ರಕ್ತ ಒಯ್ಯುವ ನಾಳಗಳೇ ಉಬ್ಬಿಕೊಳ್ಳಬಹುದು ಎಂದು ಆಕೆ ಆಗಲೇ ಹೇಳಿದ್ದರು.

ಕಿನುಯೊಳ ಕೈ ಸಡಿಲವಾಯಿತು.

“ಸೊಳ್ಳೆಯಲ್ಲ. ನಾನೇ. ಸ್ನಾನ ಮಾಡಿಸುವಾಗ ಗಟ್ಟಿಯಾಗಿ ಉಜ್ಜಿಬಿಟ್ಟೆ. ಸೊಸೆ ಕಣ್ಣಿಗೆ ಬೀಳದಿರಲಿ ಅಂತ ಪಟ್ಟಿ ಕಟ್ಟಿದೆ.”

ಡಾಕ್ಟರ್ ಪಟ್ಟಿ ಬಿಚ್ಚಿದರು. ಬೇಸಿಗೆಯಲ್ಲಿ ಬಿಸಿಜಿ ಲಸಿಕೆಯ ಹಲವು ಸೂಜಿಗಳ ಮುದ್ರೆ ಒತ್ತಿದ್ದ ಜಾಗದಲ್ಲಿ ಸೂಜಿಯ ಚುಕ್ಕೆಗಳೆಲ್ಲ ಕೆಂಡದಂತೆ ಕೆಂಪಾಗಿ ಉಬ್ಬಿದ್ದವು.

“ಅಜ್ಜಿ, ಉಜ್ಜಿದ್ರೆ ಹೀಗಾಗಲ್ಲ. ಹಳೇ ಲಸಿಕೆ ಜಾಗ ಹೀಗೆ ಕೆಂಪಾಗೋದು ಕವಾಸಾಕಿಯ ಗುರುತು. ನಾನು ಹುಡುಕ್ತಾ ಇದ್ದದ್ದೇ ಇದು. ಹೇಳಿದ್ದಕ್ಕೆ ನಿಮಗೆ ದೊಡ್ಡ ನಮಸ್ಕಾರ.”

ಅದೇ ಮಧ್ಯಾಹ್ನ ಮಗುವಿಗೆ ಡ್ರಿಪ್ ಹಾಕಿದರು. ಏನಾಗಿದೆ ಎಂದು ಮಿಹೋ ಕೇಳಿದಳು.

“ನಿಮ್ಮೂರಲ್ಲಿ ಬೆಂಕಿ ಆರಿಸೋ ಸ್ವಯಂಸೇವಕರಿದ್ದಾರಲ್ಲ? ಅವರು ಬೆಂಕಿ ಇಲ್ಲದ ಕಡೆಯೂ ನುಗ್ಗಿ ಬಾಗಿಲು ಒಡೆದರೆ ಹೇಗೆ? ಬಿಳಿ ರಕ್ತಕಣಗಳು ಈಗ ಹಾಗೆ ಮಾಡ್ತಿವೆ. ರಕ್ತನಾಳದ ಗೋಡೆಗೇ ನುಗ್ಗಿವೆ.”

“ನಮ್ಮ ಯಜಮಾನ್ರೂ ಆ ದಳದಲ್ಲೇ ಇದ್ರು,” ಎಂದಳು ಕಿನುಯೊ. “ಕುಡಿದ ದಿನ ಥೇಟ್ ಹಂಗೇ.”

ಮಿಹೋ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಈ ವಾರದಲ್ಲಿ ಅವಳು ನಕ್ಕದ್ದು ಅದೇ ಮೊದಲು. ಆಮೇಲೆ ಅತ್ತೆಯ ತೋಳು ಹಿಡಿದು, “ಗದರ್ತೀನಿ ಅಂತ ಹೆದರಿದ್ರಾ?” ಎಂದಳು. ಕಿನುಯೊ ಮಗುವಿನ ಹೊದಿಕೆ ಸರಿಪಡಿಸಿದಳು.

ಮರುದಿನ ಬೆಳಿಗ್ಗೆ ಟೋಮಾನ ಹಣೆ ತಣ್ಣಗಿತ್ತು. ಎದೆಯ ಸ್ಕ್ಯಾನ್‌ನಲ್ಲಿ ನಾಳಗಳು ಸರಿಯಾಗಿಯೇ ಕಂಡವು. ಇನ್ನೂ ಕೆಲವು ವಾರ ನೋಡುತ್ತಿರಬೇಕು ಎಂದರು. ಕಿನುಯೊ ಅಂಗಡಿ ತೆರೆಯುವ ಹೊತ್ತಿಗೇ ಹೋಗಿ ಕೆಂಪು ಕಾಳಿನ ಹೂರಣದ ಸಿಹಿಯ ಪೊಟ್ಟಣ ತಂದಳು. ಉಪಕಾರ ಪಡೆದು ಬರಿಗೈಯಲ್ಲಿ ನಿಲ್ಲುವುದು ಅವಳಿಗೆ ಗೊತ್ತಿರಲಿಲ್ಲ. ಡಾಕ್ಟರ್ ಎರಡೂ ಕೈಯಲ್ಲಿ ಪೊಟ್ಟಣವನ್ನು ಹಿಂದಕ್ಕೆ ಸರಿಸಿದರು.

“ಇಲ್ಲಿ ತಗೊಳ್ಳೋ ಹಾಗಿಲ್ಲ, ಅಜ್ಜಿ. ಅದೂ ಅಲ್ದೆ, ಜ್ವರ ಇಳಿಸಿದ್ದು ನಾನಲ್ಲ. ಆ ಡ್ರಿಪ್‌ನ ಔಷಧಿ ಸಾವಿರಾರು ಜನ ಕೊಟ್ಟ ರಕ್ತದಿಂದ ತೆಗೆದದ್ದು.”

“ಯಾರು ಅವರು? ಎಲ್ಲಿಯವರು?”

“ಅದು ಯಾರಿಗೂ ಗೊತ್ತಿಲ್ಲ.”

ನರ್ಸ್ ಬಂದು, ಕಂಬದಿಂದ ಖಾಲಿ ಸೀಸೆಯನ್ನು ಬಿಚ್ಚಿ ಬಾಗಿಲ ಕಡೆ ಹೊರಟಳು. ಕಿನುಯೊ ಕುರ್ಚಿಯಿಂದೆದ್ದು, ಔಷಧಿಯ ಹನಿಗಳು ಇನ್ನೂ ಅಂಟಿಕೊಂಡಿದ್ದ ಆ ಗಾಜಿಗೆ ಸೊಂಟ ಮಡಿಸಿ ಬಾಗಿ ವಂದಿಸಿದಳು. ಅವಳು ತಲೆ ಎತ್ತುವವರೆಗೆ ನರ್ಸ್ ಸೀಸೆಯನ್ನು ಎದೆಗೆ ಹಿಡಿದು ಅಲ್ಲೇ ನಿಂತಿದ್ದಳು.