ತಂಗಿಯ ಬೀದಿಗೆ ಬಂದ ಡಬ್ಬಿ

ಸೊಳ್ಳೆ ಮರಿಗಳನ್ನು ಎಣಿಸುವುದರಲ್ಲೇ ನನ್ನ ಹನ್ನೊಂದು ವರ್ಷ ಕಳೆದಿವೆ. ಏನು ಕೆಲಸ ಎಂದು ಯಾರಾದರೂ ಕೇಳಿದರೆ “ಸೊಳ್ಳೆ ಹೊಡೆಯೋದು” ಎನ್ನುತ್ತಿದ್ದೆ. ನಕ್ಕರೆ ನಗಲಿ, ನನಗೇನು.

ನೀರಿನಲ್ಲಿರುವ ಮರಿಗಳನ್ನು ಕೊಲ್ಲುವ ಬ್ಯಾಕ್ಟೀರಿಯಾ ಮೊದಲೇ ಇತ್ತು. ಆದರೆ ಶುದ್ಧ ಸೋಮಾರಿ! ಎರಡೇ ದಿನಕ್ಕೆ ಮನೆಯ ನೀರಿನ ಡ್ರಮ್ಮಿನ ತಳ ಸೇರಿ ಮಲಗಿಬಿಡುತ್ತಿತ್ತು. ಅದರ ವಿಷದ ಜೀನನ್ನು ತೆಗೆದು, ನೀರಿನ ಮೇಲ್ಭಾಗದಲ್ಲೇ ಬದುಕುವ ಇನ್ನೊಂದು ಬ್ಯಾಕ್ಟೀರಿಯಾಕ್ಕೆ ಸೇರಿಸಿದೆವು. ಪ್ರಯೋಗಾಲಯದ ಲೋಟಗಳಲ್ಲಿ ಒಂದು ಮರಿಯೂ ಉಳಿಯಲಿಲ್ಲ. ಬೀದಿಗಳಲ್ಲಿ ಪರೀಕ್ಷಿಸುವುದಷ್ಟೇ ಬಾಕಿ.

ಹತ್ತು ಬೀದಿ. ಐದಕ್ಕೆ ಈ ಬ್ಯಾಕ್ಟೀರಿಯಾ ಬೆರೆಸಿದ ನಿಜವಾದ ಔಷಧಿ, ಐದಕ್ಕೆ ಹೋಲಿಸಿ ನೋಡಲೆಂದು ಔಷಧಿಯಿಲ್ಲದ ಬರೀ ಪುಡಿ. ಡಬ್ಬಿಗಳೆಲ್ಲ ಒಂದೇ ಥರ. ಯಾವುದರಲ್ಲಿ ಏನಿದೆ ಎಂಬುದು ಚೀಟಿ ಎತ್ತಿದ ನನಗೆ ಮತ್ತು ನಮ್ಮ ಮೇಲಧಿಕಾರಿಗೆ ಮಾತ್ರ ಗೊತ್ತು. ನನ್ನ ತಂಗಿಯ ಬೀದಿಗೆ ಬರೀ ಪುಡಿ ಬಂತು.

“ಆ ಬೀದಿ ಬಿಟ್ಟು ಬೇರೆ ತಗೊಳ್ಳೋಣ ಕಣಮ್ಮಾ,” ಅಂದರು ಮೇಲಧಿಕಾರಿ.

“ಸ್ವಂತ ತಂಗಿ ಅಂತ ಚೀಟಿ ಬದಲಾಯಿಸಿದ್ರೆ ಅದು ಪರೀಕ್ಷೆ ಆಗುತ್ತಾ ಸಾರ್?” ಎಂದು ಅವರ ಮೇಲೇ ರೇಗಿದೆ. ನನ್ನ ನಿಷ್ಠೆಗೆ ನಾನೇ ಬೆನ್ನು ತಟ್ಟಿಕೊಂಡೆ. ಹಾಳು ನಿಷ್ಠೆ.

ತಂಗಿಗೋ ನನ್ನ ಮೇಲೆ ಎಲ್ಲಿಲ್ಲದ ಹೆಮ್ಮೆ. ಪ್ರತಿ ಸೋಮವಾರ ಡ್ರಮ್ಮಿಗೆ ಒಂದು ಚಮಚ ಪುಡಿ ಹಾಕಿ, ಮುಚ್ಚಳ ಪಕ್ಕಕ್ಕಿಟ್ಟುಬಿಡುತ್ತಿದ್ದಳು. ಒಂದು ದಿನ ನೋಡಿ ಗದರಿದೆ: “ಲೇ, ಮುಚ್ಚಳ ಹಾಕೇ!”

“ಇನ್ಯಾಕೆ ಮುಚ್ಚೋದು? ಅಕ್ಕನ ಔಷಧಿ ಇದೆಯಲ್ಲ!” ಎನ್ನುತ್ತಾ ಆರು ವರ್ಷದ ಮಗಳ ಕೆನ್ನೆ ಹಿಂಡಿದಳು. “ಅಲ್ವೇನೇ ಗುಬ್ಬಿ?”

“ದೊಡ್ಡಮ್ಮನ ಔಷಧಿ! ದೊಡ್ಡಮ್ಮನ ಔಷಧಿ!” ಎಂದು ಗುಬ್ಬಿ ಕುಣಿದಳು.

ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿಕೊಂಡೆ. ಹೇಳಿದರೆ ಹತ್ತು ಬೀದಿಯ ಕೆಲಸವೂ ನೀರುಪಾಲು. ನಾನೇ ಮುಚ್ಚಳ ಹಾಕಿ ಮನೆಗೆ ಬಂದೆ.

ಒಂಬತ್ತನೇ ವಾರ ಗುಬ್ಬಿಗೆ ಡೆಂಗಿ ಜ್ವರ ಬಂತು. ಐದನೇ ದಿನ ವಸಡಿನಿಂದ ರಕ್ತ. ಮರುದಿನ ಮಧ್ಯಾಹ್ನ, ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ನನ್ನ ಕೂಸು ಹೋಯಿತು. ಅಯ್ಯೋ, ಏನಂತ ಹೇಳಲಿ, ಎದೆ ಒಡೆದುಹೋಯಿತು.

ತಿಂಗಳ ನಂತರ ಫಲಿತಾಂಶ ಬಂತು. ಔಷಧಿ ಬಿದ್ದ ಡ್ರಮ್ಮುಗಳಲ್ಲಿ ಮರಿಗಳೇ ಇರಲಿಲ್ಲ. ಆ ಐದು ಬೀದಿಗಳ ಯಾವ ಮಗುವಿಗೂ ಆ ಜ್ವರ ಬಂದಿರಲಿಲ್ಲ. ಕೈಕುಲುಕಲು ಬಂದ ಮೇಲಧಿಕಾರಿ ನನ್ನ ಮುಖ ನೋಡಿ ಹಿಂದೆ ಸರಿದರು. ನಾನು ನೇರವಾಗಿ ತಂಗಿಯ ಮನೆಗೆ ಹೋದೆ.

ಅಡುಗೆಮನೆಯ ನೆಲದ ಮೇಲೆ ಕುಳಿತಿದ್ದವಳು ಸರಿದು ಜಾಗ ಮಾಡಿಕೊಟ್ಟಳು. ನಾನು ಬಾಯಿ ತೆರೆಯುವ ಮೊದಲೇ ನನ್ನ ಕೈ ಹಿಡಿದುಕೊಂಡಳು.

“ಅಕ್ಕಾ, ಔಷಧಿ ಕೆಲಸ ಮಾಡ್ಲಿಲ್ಲ ಅಂತ ನೀನು ಕೊರಗಬೇಡ. ನೀನೇನು ಬೇಕಂತ ಮಾಡಿದ್ಯಾ? ಯಾರಾದ್ರೂ ನಿನ್ನ ಬೈದ್ರೆ ನಂಗೆ ಹೇಳು, ನಾನು ನೋಡ್ಕೋತೀನಿ.”

“ಕೆಲಸ ಮಾಡ್ತು ಕಣೇ,” ಅಂದೆ. “ನಿನ್ನ ಡಬ್ಬೀಲಿ ಔಷಧಿ ಇರ್ಲಿಲ್ಲ. ನಂಗೆ ಮೊದಲಿಂದ ಗೊತ್ತಿತ್ತು.”

ಅವಳು ತಕ್ಷಣ ಕೈ ಬಿಡಲಿಲ್ಲ. ಮಾತು ಅರ್ಥವಾಗುವವರೆಗೂ ಹಾಗೇ ಹಿಡಿದುಕೊಂಡಿದ್ದಳು. ಆಮೇಲೆ ಬಿಟ್ಟಳು.