ಹತ್ತಕ್ಕೆ ಆರೂವರೆ

ಹದಿನಾರು ವರ್ಷ ಆರನೇ ಕ್ಲಾಸಿಗೆ ಗಣಿತ, ವಿಜ್ಞಾನ ಕಲಿಸಿದ ಫ್ರೀಡಾ ಟೀಚರ್ ಕೆಲಸ ಬಿಟ್ಟು, ಕುವೈತಿನ ಸಾಲ್ಮಿಯಾದ ತನ್ನ ಫ್ಲ್ಯಾಟಿನ ಹಾಲ್‌ನಲ್ಲಿ ಶಾಲೆಯಲ್ಲದ ಶಾಲೆಯೊಂದನ್ನು ಶುರು ಮಾಡಿದಾಗ, ಪರಿಚಯದ ಮಂಗಳೂರಿನವರಲ್ಲಿ ಅರ್ಧ ಜನ ಅವಳಿಗೆ ತಲೆ ಕೆಟ್ಟಿದೆ ಎಂದರು. ಉಳಿದರ್ಧ ಜನ, ಟ್ಯೂಶನ್ನಿನಲ್ಲಿ ಎಷ್ಟು ಲಾಭ ಎಂದು ಗೊತ್ತಾಗಿದೆ, ಜಾಣೆ ಎಂದರು. ಎರಡೂ ಸುಳ್ಳು. ನಲವತ್ತೈದು ಮಕ್ಕಳ ಕ್ಲಾಸಿನಲ್ಲಿ ನಿಂತಿದ್ದಾಗ ಒಂದು ದಿನ ಅವಳಿಗೆ ಹೊಳೆದದ್ದು ಇಷ್ಟೇ: ಯಾರೂ ಕೇಳದ ಪ್ರಶ್ನೆಗಳಿಗೆ ತಾನು ಹದಿನಾರು ವರ್ಷದಿಂದ ಉತ್ತರ ಹೇಳುತ್ತಿದ್ದೇನೆ. ಅದೇ ಕ್ಲಾಸಿನ ಮೂರನೇ ಬೆಂಚಿನಲ್ಲಿ ಕೂತು ಶರ್ಟಿನ ಕಾಲರ್ ಜಗಿಯುತ್ತಿದ್ದವನು ಅವಳ ಮಗ ಕ್ಯಾಲ್ವಿನ್.

ಗಂಡ ವಿಲ್ಫ್ರೆಡ್ ಆಸ್ಪತ್ರೆಯೊಂದರ ಲ್ಯಾಬಿನಲ್ಲಿದ್ದ. ಹೆಂಡತಿಯ ವಾಸದ ಪರವಾನಗಿ ಇಕಾಮಾವನ್ನು ಶಾಲೆಯ ಹೆಸರಿನಿಂದ ತನ್ನ ಹೆಸರಿಗೆ ಬದಲಾಯಿಸಿಕೊಂಡು ಬಂದವನು, ಖಲಾಸ್, ಇನ್ನು ಊಟಕ್ಕೆ ಬೆಲ್ ಹೊಡೆಯುವವರಿಲ್ಲ ಎಂದು ತಮಾಷೆ ಮಾಡಿದ. ಒಳಗೊಳಗೆ ಹೆದರಿದ್ದ, ಪಾಪ. ಆದರೆ ಒಂದು ದಿನವೂ ಬೇಡ ಎನ್ನಲಿಲ್ಲ.

ಬಂದವರು ಕ್ಯಾಲ್ವಿನ್ ಸೇರಿ ಆರು ಮಕ್ಕಳು. ಬೆಲ್ ಇಲ್ಲ, ಟೈಮ್‌ಟೇಬಲ್ ಇಲ್ಲ, ಮಾರ್ಕ್ ಅಂತೂ ಇಲ್ಲವೇ ಇಲ್ಲ. ಯಾವ ಮಗುವಿಗೆ ಏನು ಕಲಿಯಬೇಕು ಅನಿಸುತ್ತದೋ ಅದನ್ನು ಕಲಿಯುವುದು. ಮಕ್ಕಳು ಕೇಳಿದಾಗ ಮಾತ್ರ ಫ್ರೀಡಾ ಕೈಜೋಡಿಸುವುದು. ದೊಡ್ಡವರಾದ ಮೇಲೆ ಮುಕ್ತ ಶಾಲೆಯ ಪರೀಕ್ಷೆಗೆ ಕೂರಬಹುದು ಎಂದು ತಂದೆತಾಯಿಯರಿಗೆ ಸಮಾಧಾನ ಹೇಳಿದ್ದಳು. ಕ್ಯಾಲ್ವಿನ್ ಹಳೆಯ ಮಿಕ್ಸಿಗಳನ್ನು ಬಿಚ್ಚಿ ಹಾಕಿದ. ಇಬ್ಬರು ಸೇರಿ ಕುವೈತಿನ ಬಸ್ಸುಗಳ ನಕ್ಷೆ ಬರೆದರು. ಇನ್ನೊಬ್ಬ ಮೊದಲ ಮೂರು ವಾರ ಸೋಫಾದ ಮೇಲೆ ನಿದ್ದೆ ಹೊಡೆದ. ಅದೂ ಕಲಿಕೆಯೇ ಎಂದು ಫ್ರೀಡಾ ವಾದಿಸಿದಳು. ವಿಲ್ಫ್ರೆಡ್ ನಂಬಲಿಲ್ಲ.

ಅವಳ ಜೀವವೆಲ್ಲ ಇದ್ದದ್ದು ಪಾವನಾಳ ಮೇಲೆ. ಹನ್ನೊಂದು ವರ್ಷದ ಹುಡುಗಿ. ಹಿಂದಿನ ಶಾಲೆಯಲ್ಲಿ ಒಬ್ಬ ಟೀಚರು ಅವಳ ಗಣಿತದ ಪೇಪರನ್ನು ಎತ್ತಿ ಹಿಡಿದು, ಬಂದ ಎರಡು ಮಾರ್ಕನ್ನು ಇಡೀ ಕ್ಲಾಸಿಗೆ ಓದಿ ಹೇಳಿದ್ದರು. ಆವತ್ತಿನಿಂದ ಹುಡುಗಿ ಕಾಗದದ ಮೇಲೆ ಒಂದು ಅಕ್ಷರವನ್ನೂ ಬರೆದಿರಲಿಲ್ಲ. ಪರೀಕ್ಷೆಯಲ್ಲಿ ಹೆಸರನ್ನೂ ಬರೆಯದೆ ಖಾಲಿ ಹಾಳೆ ಕೊಟ್ಟು ಬರುತ್ತಿದ್ದಳು. ಅವಳ ತಂದೆ ಅನಂತರಾಮು ಮೈಸೂರು ಕಡೆಯ ಎಂಜಿನಿಯರ್, ಕುವೈತ್ ನಗರದ ಶರ್ಕ್‌ನಲ್ಲಿ ನೀರು ಶುದ್ಧೀಕರಿಸುವ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆ. ದೊಡ್ಡ ಆಸ್ಪತ್ರೆಗಳೆಲ್ಲ ಮುಗಿದ ಮೇಲೆ ನಾಟಿ ವೈದ್ಯರ ಬಾಗಿಲಿಗೆ ಬಂದವರಂತೆ ಮುಖ ಮಾಡಿಕೊಂಡು ಅವರು ಮಗಳನ್ನು ತಂದು ಬಿಟ್ಟಿದ್ದರು. ಫೆಬ್ರವರಿ ಕೊನೆಯ ತನಕ ನೋಡುತ್ತೇನೆ, ಏನೂ ಆಗದಿದ್ದರೆ ಬೇರೆ ಶಾಲೆಯ ಅಡ್ಮಿಶನ್ ಫಾರಂ ತುಂಬುತ್ತೇನೆ ಎಂದು ಮೊದಲೇ ಹೇಳಿಯೂ ಇದ್ದರು.

ನಾಲ್ಕು ತಿಂಗಳು ಪಾವನಾ ಕಿಟಕಿಯ ಹೊರಗೆ ನೋಡುತ್ತ ಕೂತಳು. ಫ್ರೀಡಾ ಪ್ರತಿದಿನ ತುಟಿ ಕಚ್ಚಿಕೊಂಡು ಸುಮ್ಮನಿದ್ದಳು.

ಜನವರಿಯ ಒಂದು ಶನಿವಾರ ವಿಲ್ಫ್ರೆಡ್ ಮಕ್ಕಳನ್ನೆಲ್ಲ ವ್ಯಾನಿನಲ್ಲಿ ತುಂಬಿಕೊಂಡು ತೋಟಗಳಿರುವ ವಫ್ರಾಕ್ಕೆ ಹೊರಟ. ಅಲ್ಲಿ ಬಂಟ್ವಾಳದ ಮೋನಪ್ಪ ಸೌತೆಕಾಯಿಯ ಹಸಿರುಮನೆಗಳನ್ನು ನೋಡಿಕೊಳ್ಳುತ್ತಿದ್ದ. ಒಂದು ಸಾಲಿನ ಗಿಡಗಳು ಮಾತ್ರ ಹಳದಿಗೆ ತಿರುಗಿದ್ದವು. ಯಾಕೆ ಎಂದು ಪಾವನಾ ಕೇಳಿದಳು. ಮೋನಪ್ಪ ತಲೆ ಕೆರೆದುಕೊಂಡು, ತನಗೂ ಗೊತ್ತಿಲ್ಲ, ನೀನೇ ನೋಡಿ ಹೇಳು ಎಂದ. ಹುಡುಗಿ ಸ್ವಲ್ಪ ಹೊತ್ತು ಗಿಡಗಳ ಮುಂದೆ ನಿಂತಳು. ಆಮೇಲೆ ವಿಲ್ಫ್ರೆಡ್‌ನ ಹತ್ತಿರ ಬಂದು ಪೆನ್ಸಿಲ್ ಕೇಳಿದಳು.

ಆ ಸುದ್ದಿ ಕೇಳಿ ಫ್ರೀಡಾ ಅಡುಗೆಮನೆಗೆ ಹೋಗಿ ಅತ್ತಳು. ಹದಿನಾರು ವರ್ಷದಲ್ಲಿ ಯಾವ ರಿಸಲ್ಟೂ ಅವಳಿಗೆ ಅಂಥ ಸಂತೋಷ ಕೊಟ್ಟಿರಲಿಲ್ಲ. ಮುಂದಿನ ನಾಲ್ಕು ಶನಿವಾರವೂ ಪಾವನಾ ವಫ್ರಾಕ್ಕೆ ಹೋದಳು. ನೋಟ್‌ಬುಕ್ಕಿನಲ್ಲಿ ಎಲೆಗಳ ಚಿತ್ರ ಬರೆದಳು, ಅಳತೆ ಬರೆದಳು, ಯಾವ ಗಿಡ ಯಾವ ವಾರ ಹೇಗಿತ್ತು ಎಂದು ಬರೆದಳು. ಫ್ರೀಡಾ ಒಮ್ಮೆಯೂ ಇಣುಕಲಿಲ್ಲ. ಫೆಬ್ರವರಿಯ ಮೂರನೇ ಗುರುವಾರ ಹುಡುಗಿ ತಾನಾಗಿಯೇ ಪುಸ್ತಕವನ್ನು ಮೇಜಿನ ಮೇಲಿಟ್ಟು, ಬೇಕಿದ್ದರೆ ಓದಬಹುದು ಎಂದು ಹೇಳಿ ಒಳಗೆ ಕ್ಯಾಲ್ವಿನ್‌ನ ಮಿಕ್ಸಿ ನೋಡಲು ಹೋದಳು.

ಬೇರೆ ಯಾವ ದಿನವಾಗಿದ್ದರೂ ಏನೂ ಆಗುತ್ತಿರಲಿಲ್ಲವೇನೋ. ಆದರೆ ಗುರುವಾರ ಮಧ್ಯಾಹ್ನವೆಂದರೆ ಕುವೈತಿನ ಇಂಡಿಯನ್ ಶಾಲೆಗಳ ಟೀಚರುಗಳಿಗೆ ಕರೆಕ್ಷನ್ನಿನ ಹೊತ್ತು. ಮರುದಿನ ರಜೆ, ಕಟ್ಟು ಕಟ್ಟು ಪುಸ್ತಕ ಮನೆಗೆ ಹೊತ್ತು ತಂದು, ಒಲೆಯ ಮೇಲೆ ಸಾರಿಟ್ಟು, ಒಂದು ಕಿವಿ ಟಿವಿಗೆ ಕೊಟ್ಟು ಗೆರೆ ಎಳೆದು ಮುಗಿಸುವ ಹೊತ್ತು. ಫ್ರೀಡಾಳ ಒಲೆಯ ಮೇಲೆ ಬಂಗುಡೆ ಸಾರು ಇತ್ತು. ಕಿವಿಯಲ್ಲಿ ತಂಗಿಯ ಫೋನು. ಎದುರಿಗೆ ತೆರೆದ ಪುಸ್ತಕ. ಕೈ ಎಲ್ಲಿಂದಲೋ ಕೆಂಪು ಪೆನ್ನು ಹುಡುಕಿಕೊಂಡಿತು. ಸಾರು ಕುದಿಯುವಷ್ಟರಲ್ಲಿ ಏಳು ಪುಟ ಮುಗಿದಿತ್ತು. ಅಲ್ಲಲ್ಲಿ ಟಿಕ್, ಒಂದು ಕಡೆ ‘ದಿನಾಂಕ ಎಲ್ಲಿ?’, ಇನ್ನೊಂದು ಕಡೆ ‘ಸ್ಕೇಲ್ ಬಳಸು’. ಈ ಸಾಲಿಗೆ ಬರುವ ನೀರಿನಲ್ಲಿ ಉಪ್ಪು ಜಾಸ್ತಿ ಇರಬೇಕು ಎಂದು ಹುಡುಗಿ ಬರೆದ ಜಾಗದಲ್ಲಿ ಅಡ್ಡಡ್ಡ ಎರಡು ಗೆರೆ, ಪಕ್ಕದಲ್ಲಿ ‘ಬಿಸಿಲು ಸಾಲದು’. ಕೊನೆಗೆ ಒಂದು ಸೊನ್ನೆ ಸುತ್ತಿ ಅದರೊಳಗೆ ಹತ್ತಕ್ಕೆ ಆರೂವರೆ. ಅರ್ಧ ಮಾರ್ಕು ಅಂದವಿಲ್ಲದ್ದಕ್ಕೆ ಕಳೆದದ್ದು. ಕೆಳಗೆ ಸಹಿ.

ಸಂಜೆ ಅನಂತರಾಮು ಬಂದಾಗ ಫ್ರೀಡಾ, ಚೆನ್ನಾಗಿ ಬರೆದಿದ್ದೀ ಎಂದು ಪಾವನಾಳ ಕೈಗೆ ಪುಸ್ತಕ ಕೊಟ್ಟು ಬೆನ್ನು ತಟ್ಟಿ ಕಳಿಸಿದಳು. ತಾನು ಏನು ಮಾಡಿದೆ ಎಂಬುದೇ ಅವಳಿಗೆ ತಿಳಿದಿರಲಿಲ್ಲ, ಅದು ನಿಜ.

ಶನಿವಾರ ಪಾವನಾ ಹೊಟ್ಟೆನೋವೆಂದು ವಫ್ರಾಕ್ಕೆ ಬರಲಿಲ್ಲ. ಭಾನುವಾರವೂ ಬರಲಿಲ್ಲ. ಅಂದು ಮಧ್ಯಾಹ್ನ ಅನಂತರಾಮು ಫೋನ್ ಮಾಡಿದರು. ದನಿಯಲ್ಲಿ ಹಿಂದೆಂದೂ ಇಲ್ಲದ ಉತ್ಸಾಹ. ಪುಸ್ತಕ ನೋಡಿದೆ, ಈಗ ನನಗೆ ನಂಬಿಕೆ ಬಂತು ಎಂದರು. ಕರೆಕ್ಷನ್ ಇದೆ, ಮಾರ್ಕ್ ಇದೆ. ಆಫೀಸಿನಲ್ಲಿ ತೋರಿಸಿದೆ, ಮೂರು ಮನೆಯವರು ಮಕ್ಕಳನ್ನು ಕಳಿಸಲು ತಯಾರಿದ್ದಾರೆ. ವಾರವಾರ ಹೀಗೇ ಮಾರ್ಕ್ ಕೊಡುತ್ತ ಬನ್ನಿ, ಪಾವನಾಳಿಗೆ ಬೇರೆ ಫಾರಂ ಬೇಡವೇ ಬೇಡ ಎಂದರು.

ತಾನು ಮಾಡಿದ್ದು ಫ್ರೀಡಾಳಿಗೆ ಆಗ ಹೊಳೆಯಿತು. ಕೆಂಪು ಸೊನ್ನೆ ಕಣ್ಣೆದುರು ಬಂತು.

ಆರು ಮಕ್ಕಳಲ್ಲಿ ಇಬ್ಬರು ಮಾರ್ಚಿನಲ್ಲಿ ಊರಿಗೆ ವಾಪಸು ಹೊರಟಿದ್ದರು. ಅವರ ತಂದೆಯ ಕೆಲಸ ಮುಗಿದಿತ್ತು. ಉಳಿಯುವುದು ನಾಲ್ಕು. ಪಾವನಾಳೂ ಹೋದರೆ ಮೂರು. ಮೂರು ಮಕ್ಕಳನ್ನು ಇಟ್ಟುಕೊಂಡು ಯಾರಿಗೆ ಏನು ಹೇಳುವುದು? ಆ ಮೂರು ಮನೆಯವರು ಬಂದರೆ ಹಾಲ್ ತುಂಬುತ್ತದೆ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಅವಳು ಸಂಜೆಯವರೆಗೆ ಒಲೆ ತಿಕ್ಕಿದಳು. ಕೆಲಸದಿಂದ ಬಂದ ವಿಲ್ಫ್ರೆಡ್ ಸಂಗತಿ ಕೇಳಿ, ಹೋಗಿ ಹೇಳುವುದಿದ್ದರೆ ಈಗಲೇ ಹೇಳು, ಇನ್ನೂ ತಿಕ್ಕಿದರೆ ಒಲೆ ತೂತು ಬೀಳುತ್ತದೆ ಎಂದ. ಇಬ್ಬರೂ ಹೊರಟರು.

ಅನಂತರಾಮು ನಗುನಗುತ್ತ ಬಾಗಿಲು ತೆಗೆದರು. ಅವರ ಹೆಂಡತಿ ಸರೋಜಮ್ಮ ಕಾಫಿ ತಂದಿಟ್ಟರು, ನಗಲಿಲ್ಲ. ಮಗಳು ಗುರುವಾರದಿಂದ ರೂಮಿನಲ್ಲೇ ಇದ್ದಾಳೆ, ನೋಟ್‌ಬುಕ್ಕನ್ನು ಅಕ್ಕಿ ಡಬ್ಬದ ಹಿಂದೆ ತುರುಕಿಟ್ಟಿದ್ದಳು, ಇವರು ಹುಡುಕಿ ತೆಗೆದು ಆಫೀಸಿಗೆ ಒಯ್ದರು ಎಂದು ಮೆಲ್ಲಗೆ ಹೇಳಿದರು. ಫ್ರೀಡಾ ಕಾಫಿ ಮುಟ್ಟಲಿಲ್ಲ.

“ಆ ಮಾರ್ಕು ತಪ್ಪು, ಅನಂತರಾಮು ಅವರೇ,” ಎಂದಳು. “ಹಳೆ ಅಭ್ಯಾಸದಲ್ಲಿ ಕೈ ಬರೆದು ಬಿಟ್ಟಿತು. ಓದ್ಲಿಕ್ಕೆ ಅಂತ ಮಗು ಪುಸ್ತಕ ಕೊಟ್ಟದ್ದು, ನಾನು ಕರೆಕ್ಷನ್ ಮಾಡಿದೆ. ಇನ್ನು ಕೊಡುವುದಿಲ್ಲ. ಯಾರಿಗೂ ಕೊಡುವುದಿಲ್ಲ.”

ಅನಂತರಾಮು ಅವರ ಹುಬ್ಬು ಗಂಟಿಕ್ಕಿತು. ಆಫೀಸಿನವರಿಗೆ ಏನೆಂದು ಹೇಳಲಿ ಎಂದು ಕೇಳಿದರು. ಇದ್ದದ್ದನ್ನೇ ಹೇಳಿ ಎಂದಳು ಫ್ರೀಡಾ. ಹಾಗಾದರೆ ತನ್ನ ಮಾತೂ ಮೊದಲಿನದೇ, ಬರುವ ಭಾನುವಾರ ಕೊನೆಯ ದಿನ, ಫಾರಂ ಕೊಟ್ಟು ಬರುತ್ತೇನೆ ಎಂದು ಅವರು ಎದ್ದು ನಿಂತರು. ಮಾತು ಮುಗಿಯಿತು ಎಂದೇ ಎಲ್ಲರೂ ಅಂದುಕೊಂಡರು.

ರೂಮಿನ ಬಾಗಿಲು ಸ್ವಲ್ಪ ತೆರೆಯಿತು. ಪಾವನಾ ಹೊರಗೆ ಬರಲಿಲ್ಲ, ಅಲ್ಲಿಂದಲೇ ಕೇಳಿದಳು.

“ಆಂಟಿ, ಬಿಸಿಲು ಸಾಲದು ಅಂತ ಬರೆದ್ರಲ್ಲ. ಚೆಕ್ ಮಾಡಿದ್ರಾ?”

ಫ್ರೀಡಾ ಬಾಗಿಲಿನ ಕಡೆ ತಿರುಗಿದಳು. “ಇಲ್ಲ ಮಗಾ. ಆ ಸಾಲಿನ ಹತ್ರ ನಾನು ಹೋಗಿಯೇ ಇಲ್ಲ. ನಂಗೆ ಗೊತ್ತಿಲ್ಲ.”

ಈ ಕೊನೆಯ ಮಾತನ್ನು ಅವಳು ಹದಿನಾರು ವರ್ಷದಲ್ಲಿ ಒಂದು ಮಗುವಿನ ಎದುರೂ ಆಡಿರಲಿಲ್ಲ. ಗೊತ್ತಿಲ್ಲದಾಗಲೆಲ್ಲ, ಅದು ಮುಂದಿನ ಪಾಠದಲ್ಲಿ ಬರುತ್ತದೆ ಎಂದು ಸಾಗಹಾಕಿದವಳು. ಪಾವನಾ ಅವಳನ್ನು ದಿಟ್ಟಿಸಿ ನೋಡಿದಳು. ಆಮೇಲೆ ತಂದೆಯ ಕಡೆ ತಿರುಗಿ, ಉಪ್ಪು ಅಳೆಯುವ ಮೀಟರ್ ನಿಮ್ಮ ಆಫೀಸಿನಲ್ಲಿ ಇದೆಯಾ ಎಂದು ಕೇಳಿದಳು. ಇದೆ ಎಂದರು ಅವರು, ತಬ್ಬಿಬ್ಬಾಗಿ. ಮಗಳು ತಮ್ಮ ಕೆಲಸದ ಬಗ್ಗೆ ಏನನ್ನಾದರೂ ಕೇಳಿದ್ದು ಅದೇ ಮೊದಲು. ಒಂದು ಶನಿವಾರ ಮಾತ್ರ, ಮರುದಿನ ಫಾರಂ ಎಂದು ಒಪ್ಪಿಕೊಂಡರು.

ಮೂರು ಮನೆಯವರಲ್ಲಿ ಇಬ್ಬರು ಹಿಂದೆ ಸರಿದರು. ಒಬ್ಬರು ಯೋಚಿಸಿ ಹೇಳುತ್ತೇವೆ ಎಂದರು.

ಶನಿವಾರ ಅನಂತರಾಮು ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡು ವಫ್ರಾಕ್ಕೆ ಬಂದರು. ಮೋನಪ್ಪ ಅವರಿಗೆ ಕುರ್ಚಿ ತಂದು ಹಾಕಿದ. ಪೆನ್ನಿನಂಥ ಮೀಟರನ್ನು ಪಾವನಾ ಮೊದಲು ಹಳದಿ ಸಾಲಿನ ನೀರಿಗೆ ಅದ್ದಿದಳು, ಆಮೇಲೆ ಪಕ್ಕದ ಹಸಿರು ಸಾಲಿನದಕ್ಕೆ. ಮೂರು ಸಲ ಅದ್ದಿದಳು. ಎರಡೂ ಕಡೆ ಒಂದೇ ಅಂಕಿ.

ಅವಳ ಊಹೆ ತಪ್ಪಾಗಿತ್ತು. ಅದೂ ಅಪ್ಪ, ಟೀಚರು, ಮೋನಪ್ಪ, ಐದು ಮಕ್ಕಳ ಎದುರು. ಫ್ರೀಡಾ ಹುಡುಗಿಯ ಪುಸ್ತಕವನ್ನೇ ನೋಡಿದಳು. ಇನ್ನು ಮುಗಿಯಿತು, ಪುಸ್ತಕ ಮುಚ್ಚುತ್ತಾಳೆ, ಮತ್ತೆ ಕಿಟಕಿ.

ಪಾವನಾ ಮಣ್ಣಿನಲ್ಲಿ ಕೂತು ‘ಉಪ್ಪಲ್ಲ’ ಎಂದು ಬರೆದಳು. ತಲೆ ಎತ್ತಿ, ಈ ಸಾಲಿಗೆ ದಿನಕ್ಕೆ ಎಷ್ಟು ಸಲ ನೀರು ಬಿಡುತ್ತೀರಿ ಎಂದು ಮೋನಪ್ಪನನ್ನು ಕೇಳಿದಳು.

“ಎಲ್ಲದಕ್ಕೂ ಎರಡೇ ಸಲ,” ಎಂದ ಮೋನಪ್ಪ. ಆಮೇಲೆ ಫ್ರೀಡಾಳ ಕಡೆ ತಿರುಗಿ, “ಈ ಹುಡುಗಿ ಬಿಡುವ ಜಾತಿ ಅಲ್ಲ, ಬಾಯಮ್ಮ,” ಎಂದ.

ಸಾಲಿನ ಪೈಪಿನ ಕೊನೆಯಲ್ಲಿ ನೀರು ತಲುಪುವುದು ಕಡಿಮೆಯಾಗುತ್ತಿದೆಯೋ ಏನೋ. ಹಾಗಿದ್ದರೆ ಆ ತುದಿಯಲ್ಲಿ ಹಳದಿ ಎಲೆ ಹೆಚ್ಚಿರಬೇಕು. ಈ ತುದಿ, ಆ ತುದಿ ಎರಡರಲ್ಲೂ ಎಲೆ ಎಣಿಸಬೇಕು, ಅದೂ ನಾಲ್ಕು ವಾರ ಎಣಿಸಬೇಕು ಎಂದು ಪಾವನಾ ಹೇಳಿದಳು.

“ನಾಲ್ಕು ಶನಿವಾರಾನಾ?” ಎಂದರು ಅನಂತರಾಮು. ಫಾರಂ ಕೊಡುವ ಕೊನೆಯ ದಿನ ನಾಳೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಅವರು ಮಗಳ ಪುಸ್ತಕವನ್ನು ನೋಡಿದರು, ಮಗಳನ್ನು ನೋಡಿದರು. “ಆಗ್ಲಿ, ಬರೋಣ. ನಾನೇ ಕರ್ಕೊಂಡ್ ಬರ್ತೀನಿ.”

ಫ್ರೀಡಾಳ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಹಾಗಾದರೆ ಆ ತುದಿ ನೀವು ಎಣಿಸಿ ಅಪ್ಪ ಎಂದು ಪಾವನಾ ಹೇಳಿದಳು. ಶರ್ಕ್‌ನ ಎಂಜಿನಿಯರ್ ಇಸ್ತ್ರಿ ಪ್ಯಾಂಟಿನಲ್ಲೇ ಮಣ್ಣಿನ ಮೇಲೆ ಕುಕ್ಕರುಗಾಲಿನಲ್ಲಿ ಕೂತು, ಬೆರಳು ಮಡಚಿ ಎಲೆ ಎಣಿಸತೊಡಗಿದರು. ನೂರ ಹದಿನೇಳಕ್ಕೆ ಬಂದವರು ನಿಂತರು. ಎರಡು ಎಲೆ ಮುಂದೆ ಹೋದರು, ಮೂರು ಎಲೆ ಹಿಂದೆ ಬಂದರು. ಬೆವರು ಒರೆಸಿಕೊಂಡರು.

“ಲೆಕ್ಕ ತಪ್ಪೋಯ್ತು ಕಣಮ್ಮ,” ಎಂದರು ಸಣ್ಣ ದನಿಯಲ್ಲಿ.

ಪಾವನಾ ಪುಸ್ತಕದಿಂದ ತಲೆ ಎತ್ತಲಿಲ್ಲ. “ಪರ್ವಾಗಿಲ್ಲ ಅಪ್ಪ, ಮೊದ್ಲಿಂದ ಎಣ್ಸಿ. ನಂಗೂ ಎರಡು ಸಲ ತಪ್ಪಿತ್ತು.”

ಅನಂತರಾಮು ಮೊದಲ ಗಿಡದ ಹತ್ತಿರ ಸರಿದು ಒಂದು, ಎರಡು ಎಂದು ಗಟ್ಟಿಯಾಗಿ ಎಣಿಸಲು ಶುರು ಮಾಡಿದರು.