ಕೂತು ಬರೆದ ಬಾಣ

ಮಕ್ಕಳೂ ಹತ್ತುವಂಥ ಗಿಡ್ಡ ಗುಡ್ಡಗಳವು. ಅಲ್ಲಿ ದಾರಿ ತಪ್ಪಿದವನು ಮನೆಯೊಳಗೂ ತಪ್ಪುತ್ತಾನೆ ಎಂದು ಜಂಬ ಕೊಚ್ಚುತ್ತಿದ್ದವನು ನಾನೇ. ಕಾಲುದಾರಿಗಳು ಕವಲೊಡೆಯುವಲ್ಲೆಲ್ಲ ಮರಗಳಿಗೆ ಹಳದಿ ಬಾಣ ಬರೆಯುವುದು ನನ್ನ ಕೆಲಸ. ಕಳೆದ ಬೇಸಿಗೆಯಲ್ಲಿ ಸೊಂಟ ಹಿಡಿದುಕೊಂಡಿದ್ದರಿಂದ ಗಿಡ್ಡ ಸ್ಟೂಲಿನ ಮೇಲೆ ಕೂತೇ ಎಲ್ಲವನ್ನೂ ಬರೆದು ಮುಗಿಸಿದ್ದೆ. ಕೂತು ಬರೆದರೂ ಬಾಣ ಬಾಣವೇ ತಾನೆ?

ನಿನ್ನೆ ರಾತ್ರಿಯವರೆಗೂ ಎರಡು ದಿನ ಹಿಮ ಸುರಿದಿತ್ತು. ಇವತ್ತು ಮಧ್ಯಾಹ್ನ ಅಕ್ಕ ಫೋನ್ ಮಾಡಿದಳು. "ನಿಮ್ಮ ಭಾವ ಬೆಳಿಗ್ಗೆ ಗುಡ್ಡಕ್ಕೆ ಹೋದೋರು ಇನ್ನೂ ಬಂದಿಲ್ಲ ಕಣೋ. ಫೋನೂ ಎತ್ತುತ್ತಿಲ್ಲ."

"ಎಲ್ಲಿ ಹೋಗ್ತಾರೆ ಬಿಡಕ್ಕ, ನನ್ನ ಬಾಣ ಇದೆಯಲ್ಲ," ಎಂದು ಗದರಿ ಹೊರಟೆ.

ಮೊದಲ ಕವಲಿನಲ್ಲಿ ಹಿಮ ಮೊಣಕಾಲು ದಾಟಿತ್ತು. ಮರದ ಮೇಲೆ ಬಾಣವಿರಲಿಲ್ಲ. ಯಾವ ಪುಂಡನೋ ಕೆರೆದು ಹಾಕಿದ್ದಾನೆಂದು ಬಾಯಿಗೆ ಬಂದಂತೆ ಬೈದೆ. ಆಮೇಲೆ ಸ್ಟೂಲು ನೆನಪಾಯಿತು.

ಬುಡದ ಹಿಮವನ್ನು ಎರಡೂ ಕೈಯಿಂದ ತೋಡಿದೆ. ಒಳಗೆ ನನ್ನ ಬಾಣ ಒಂಚೂರೂ ಮಾಸದೆ ಎಡಕ್ಕೆ ತೋರಿಸುತ್ತಿತ್ತು.

ಭಾವನ ಬೂಟಿನ ಗುರುತುಗಳು ಆ ಮರವನ್ನು ಎರಡು ಸಲ ಸುತ್ತಿ, ಬಲಕ್ಕೆ ಹೋಗಿದ್ದವು.